ಶನೆಲ್, ಡಿಯೋರ್, ಪ್ರಾಡಾ, ಮಿಯು ಮಿಯು: ಈ ಬೇಸಿಗೆ ಯಾರ ಬಟ್ಟೆ ಯಾರಿಗೆ?

ಬ್ಲೌಸ್ ಟ್ರಯಲ್‌ಗೆ ಹೋದಾಗ ಟೈಲರ್ ಮೊದಲು ಹೇಳುವ ಮಾತು ಯಾವುದು? "ಕೈ ಎತ್ತಿ ನೋಡಿ ಮೇಡಂ." ಎತ್ತಿದಾಗ ಕಂಕುಳಲ್ಲಿ ಬಿಗಿ ಹಿಡಿದರೆ, ಅಥವಾ ಇಡೀ ಬ್ಲೌಸೇ ಕೈ ಜೊತೆ ಮೇಲೆ ಬಂದರೆ, ಬೆನ್ನ ಮೇಲಿನ ಕಸೂತಿ ಎಷ್ಟೇ ಚೆನ್ನಾಗಿರಲಿ, ಅದು ವಾಪಸ್ ಮಿಷನ್ನಿಗೆ ಹೋಗಲೇಬೇಕು.

ಪ್ಯಾರಿಸ್, ಮಿಲಾನ್ ಫ್ಯಾಷನ್ ಶೋಗಳನ್ನು ನೋಡುವಾಗಲೂ ನನ್ನದು ಇದೇ ಪರೀಕ್ಷೆ. ಇದನ್ನು ಹಾಕಿಕೊಂಡವಳು ಕೈ ಎತ್ತಿ ಬಸ್ಸಿನ ಕಂಬಿ ಹಿಡಿಯಬಹುದಾ? ಬಗ್ಗಿ ಚಪ್ಪಲಿ ಹಾಕಿಕೊಳ್ಳಬಹುದಾ? ಕೂತು ಊಟ ಮಾಡಬಹುದಾ? ಬಹಳ ಸಲ ಉತ್ತರ ಇಲ್ಲ ಅಂತಲೇ. 2026ರ ವಸಂತ-ಬೇಸಿಗೆಯ ಕಲೆಕ್ಷನ್‌ಗಳಲ್ಲಿ ಮಾತ್ರ, ಆಶ್ಚರ್ಯ ಅನ್ನುವಷ್ಟು ಜಾಸ್ತಿ ಕಡೆ, ಹೌದು ಅನ್ನಬಹುದು. ಅದಕ್ಕೇ ಈ ಬರಹ.

ಈ ಬಟ್ಟೆಗಳು ರ‍್ಯಾಂಪ್ ಮೇಲೆ ಬಂದಿದ್ದು 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಲೋಕದ ಪದ್ಧತಿಯೇ ಹಾಗೆ. ಆರು ತಿಂಗಳು ಮುಂಚೆ ತೋರಿಸುತ್ತಾರೆ, ಆಮೇಲೆ ಹೊಲಿಸಿ ಅಂಗಡಿಗೆ ಕಳಿಸುತ್ತಾರೆ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್, ಒಂದರ ಹಿಂದೆ ಒಂದು. ಈ ಸಲ ಗಲಾಟೆ ಜಾಸ್ತಿ ಇದ್ದಿದ್ದಕ್ಕೆ ಕಾರಣ, ಶನೆಲ್, ಡಿಯೋರ್ ಸೇರಿ ಹತ್ತಕ್ಕೂ ಹೆಚ್ಚು ದೊಡ್ಡ ಬಟ್ಟೆ ಕಂಪನಿಗಳಲ್ಲಿ ಮುಖ್ಯ ಡಿಸೈನರ್ ಹೊಸಬರು. ಪ್ಯಾರಿಸ್‌ನವರು ಇಂಥ ಕಂಪನಿಯನ್ನು 'ಮನೆ' ಅಂತಲೇ ಕರೆಯುತ್ತಾರೆ. ಹಾಗಾಗಿ ನನಗೆ ಇದೆಲ್ಲ ಹೊಸ ಸೊಸೆ ಬಂದ ಮೊದಲ ವಾರದ ಹಾಗೆ ಕಂಡಿತು. ಎಲ್ಲರ ಕಣ್ಣೂ ಅಡುಗೆಮನೆ ಮೇಲೆ. ಸಾರಿನ ಪುಡಿ ಡಬ್ಬ ಇದ್ದಲ್ಲೇ ಇದೆಯಾ, ಜರುಗಿಸಿದಳಾ? ಅತ್ತೆ ಮಾಡುವ ಸಾರನ್ನೇ ಮಾಡಿದಳಾ, ತವರುಮನೆಯದ್ದಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಒಂದನ್ನೂ ನಾನು ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಶನೆಲ್ ಮನೆಯ ಮುಚ್ಚಳದ ಕೈಚೀಲ ಒಂದಕ್ಕೇ ಹತ್ತು ಲಕ್ಷ ರೂಪಾಯಿಯ ಆಸುಪಾಸು. ಇಲ್ಲಿ 'ಆರಿಸುವುದು' ಅಂದರೆ ಬೇರೆ. ಯಾವ ಶೋ ನೋಡಲು ಅರ್ಧ ಗಂಟೆ ಕೊಡಬೇಕು, ಯಾವ ಫೋಟೋವನ್ನು ಫೋನಿನಲ್ಲಿ ಇಟ್ಟುಕೊಂಡು ಟೈಲರ್ ಹತ್ತಿರ ಹೋಗಬೇಕು ಅನ್ನುವುದು.

ಶನೆಲ್ ಅಥವಾ ಡಿಯೋರ್

ಇದು ಈ ಸೀಸನ್ನಿನ ದೊಡ್ಡ ಜಟಾಪಟಿ. ಶನೆಲ್‌ನ ಮಾತ್ಯೂ ಬ್ಲಾಝಿ, ಡಿಯೋರ್‌ನ ಜೊನಾಥನ್ ಆಂಡರ್ಸನ್, ಇಬ್ಬರು ಡಿಸೈನರ್‌ಗಳೂ 1984ರಲ್ಲಿ ಹುಟ್ಟಿದವರು. ಇಬ್ಬರೂ ಹಿಂದಿನ ಕೆಲಸದಲ್ಲಿ ಹೆಸರು ಮಾಡಿದವರು. ಇಬ್ಬರಿಗೂ ಸಿಕ್ಕಿದ್ದು ಪ್ಯಾರಿಸ್‌ನ ಅತಿ ಭಾರದ ಹೆಸರುಗಳು. ಐದು ದಿನದ ಅಂತರದಲ್ಲಿ ಇಬ್ಬರ ಶೋಗಳೂ ಮುಗಿದವು.

ಡಿಯೋರ್‌ನಲ್ಲಿ ಜೊನಾಥನ್ ಆಂಡರ್ಸನ್ ಮೊದಲ ಮಹಿಳಾ ಕಲೆಕ್ಷನ್ ತೋರಿಸಿದ್ದು ಅಕ್ಟೋಬರ್ 1ರಂದು, ಟ್ವಿಲರಿ ಉದ್ಯಾನದಲ್ಲಿ. ಉತ್ತರ ಐರ್ಲೆಂಡಿನವರು, ಮೊದಲು ಸ್ಪೇನಿನ ಲೊಎವೆ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದವರು. ಡಿಯೋರ್‌ನಲ್ಲಿ ಗಂಡಸರ ಬಟ್ಟೆ, ಹೆಂಗಸರ ಬಟ್ಟೆ, ಕುತೂರ್ ಅನ್ನುವ ಕೈಹೊಲಿಗೆಯ ದುಬಾರಿ ವಿಭಾಗ, ಮೂರನ್ನೂ ಒಬ್ಬರ ಕೈಗೆ ಕೊಟ್ಟಿದ್ದು ಸ್ವತಃ ಕ್ರಿಶ್ಚಿಯನ್ ಡಿಯೋರ್ ನಂತರ ಇವರಿಗೇ. ಇವರಿಗೆ ಮುಂಚೆ ಇದ್ದ ಮರಿಯಾ ಗ್ರಾತ್ಸಿಯಾ ಕ್ಯೂರಿ ನಮ್ಮವರಿಗೆ ಪರಿಚಯ. 2023ರ ಮಾರ್ಚ್‌ನಲ್ಲಿ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ಡಿಯೋರ್ ಶೋ ಮಾಡಿಸಿದ್ದು ಅವರೇ. ಅಲ್ಲಿನ ಕಸೂತಿಯ ಹಿಂದೆ ಇದ್ದಿದ್ದು ಮುಂಬೈನ ಚಾಣಕ್ಯ ಕಾರ್ಖಾನೆಯ ಕೈಗಳು.

ಆಂಡರ್ಸನ್ ಶೋ ಶುರುವಾಗಿದ್ದು ಬಟ್ಟೆಯಿಂದ ಅಲ್ಲ, ಸಿನಿಮಾದಿಂದ. ತಲೆಕೆಳಗಾದ ಪಿರಮಿಡ್ ಆಕಾರದ ಪರದೆ ಮೇಲೆ ಆಡಮ್ ಕರ್ಟಿಸ್ ಮಾಡಿದ ಪುಟ್ಟ ಚಿತ್ರ. ಡಿಯೋರ್ ಮನೆಯ ಹಳೇ ದೃಶ್ಯಗಳ ನಡುವೆ ಹೆದರಿಸುವ ಸಿನಿಮಾಗಳ ತುಣುಕುಗಳು. ಅರ್ಥ ಸ್ಪಷ್ಟ. ಈ ಮನೆಯೊಳಗೆ ಹಳಬರ ದೆವ್ವಗಳಿವೆ, ನಾನೂ ಹೆದರಿದ್ದೇನೆ. ಇಷ್ಟು ಪ್ರಾಮಾಣಿಕವಾಗಿ ಶುರು ಮಾಡಿದ್ದಕ್ಕೇ ನನಗೆ ಅರ್ಧ ಇಷ್ಟ ಆಯಿತು.

ಬಟ್ಟೆಗೆ ಬಂದರೆ, ಡಿಯೋರ್ ಅಂದಕೂಡಲೇ ಎಲ್ಲರೂ ನೋಡುವುದು 'ಬಾರ್' ಜಾಕೆಟ್ ಏನಾಯಿತು ಅಂತ. 1947ರ ಫೆಬ್ರವರಿಯಲ್ಲಿ ಬಂದ ಕಲೆಕ್ಷನ್ನಿನದು ಅದು. ಸೊಂಟ ಬಿಗಿ, ಕೆಳಗೆ ಪ್ಯಾಡ್ ಹಾಕಿ ಅಗಲಿಸಿದ ಅಂಚು, ಅದರ ಕೆಳಗೆ ಮೀಟರ್‌ಗಟ್ಟಲೆ ಬಟ್ಟೆಯ ಲಂಗ. ಯುದ್ಧ ಮುಗಿದು ಬಟ್ಟೆಗೂ ರೇಷನ್ ಇದ್ದ ಕಾಲ. ಇಷ್ಟೊಂದು ಬಟ್ಟೆ ದಂಡ ಅಂತ ಬೀದಿಯಲ್ಲಿ ಜನ ಸಿಟ್ಟಾಗಿದ್ದೂ ಉಂಟು. ಆಂಡರ್ಸನ್ ಈ ಜಾಕೆಟ್ಟನ್ನು ಗೊಂಬೆಗೆ ಹಾಕುವ ಹಾಗೆ ಕುಗ್ಗಿಸಿದರು. ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆ, ಗಿಡ್ಡ ಉದ್ದ, ಕೆಳಗೆ ನೆರಿಗೆಯ ಮಿನಿ. ಜೊತೆಗೆ ಜೀನ್ಸ್ ಬಟ್ಟೆಯ ಗಿಡ್ಡ ಲಂಗ, ಮೇಲಂಗಿ, ದೊಡ್ಡ ದೊಡ್ಡ ಬೋ ಗಂಟುಗಳು, ಹಡಗಿನ ಕಳ್ಳರ ಹಾಗೆ ಮೂಲೆ ಚೂಪಾದ ಟೋಪಿಗಳು. ಮೊದಲ ಉಡುಪು ಬಿಳಿ ನೆರಿಗೆಯದು, ದೀಪದ ಬುರುಡೆಯ ಹಾಗೆ ಉಬ್ಬಿದ್ದು.

ಹೊಸ ಸೊಸೆ ಡಬ್ಬಗಳನ್ನೆಲ್ಲ ಕೆಳಗೆ ಇಳಿಸಿದಳು. ಕೆಲವನ್ನು ತೊಳೆದಿಟ್ಟಳು, ಕೆಲವನ್ನು ಕಿಟಕಿಯಲ್ಲಿ ಸಾಲಾಗಿ ಜೋಡಿಸಿದಳು. ನೋಡಲು ಚೆಂದ. ಅಡುಗೆ ಇನ್ನೂ ಆಗಿಲ್ಲ. ಒಂದೇ ಶೋನಲ್ಲಿ ಐದಾರು ವಿಚಾರ ತುರುಕಿದ ಹಾಗಿತ್ತು. ಆದರೆ ವಯಸ್ಸು ಇಪ್ಪತ್ತರ ಆಸುಪಾಸು ಇದ್ದು, ಬಟ್ಟೆ ಜೊತೆ ಆಟ ಆಡುವ ಮನಸ್ಸಿದ್ದರೆ ಡಿಯೋರ್ ಫೋಟೋಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ಗಿಡ್ಡ ಜಾಕೆಟ್ಟಿನ ಕಟ್ಟು ನಮ್ಮ ಟೈಲರ್‌ಗಳಿಗೆ ಹೊಸದೇನಲ್ಲ. ಸೊಂಟದ ಕೆಳಗೆ ನಾಲ್ಕು ಬೆರಳು ಫ್ರಿಲ್ ಬಿಡುವ ಬ್ಲೌಸನ್ನು ಅವರು ಎಂದೋ ಹೊಲಿದು ಮುಗಿಸಿದ್ದಾರೆ.

ಶನೆಲ್ ಬೇರೆ ದಾರಿ. ಅಕ್ಟೋಬರ್ 6ರ ಸಂಜೆ, ಗ್ರಾಂ ಪಲೇ ಕಟ್ಟಡದ ಗಾಜಿನ ಚಾವಣಿ ಕೆಳಗೆ ದೊಡ್ಡ ದೊಡ್ಡ ಗ್ರಹಗಳನ್ನು ತೂಗುಹಾಕಿದ್ದರು. ಕನ್ನಡಿಯಂಥ ಕಪ್ಪು ನೆಲದಲ್ಲಿ ಅವುಗಳ ನೆರಳು. ಡಿಸೈನರ್ ಮಾತ್ಯೂ ಬ್ಲಾಝಿ, ಮುಂಚೆ ಇಟಲಿಯ ಬೊಟ್ಟೆಗಾ ವೆನೆಟಾ ಕಂಪನಿಯಲ್ಲಿದ್ದವರು. ಕಾರ್ಲ್ ಲಾಗರ್‌ಫೆಲ್ಡ್ 1983ರಿಂದ 2019ರಲ್ಲಿ ಸಾಯುವ ತನಕ ನಡೆಸಿದ ಮನೆ ಇದು. ಆಮೇಲೆ ಅವರ ಜೊತೆಗೇ ಕೆಲಸ ಮಾಡಿದ್ದ ವರ್ಜಿನಿ ವಿಯಾರ್ ಐದು ವರ್ಷ ನೋಡಿಕೊಂಡರು. ಅಂದರೆ ಹೊರಗಿನವರೊಬ್ಬರು ಒಳಗೆ ಕಾಲಿಟ್ಟು ನಲವತ್ತು ವರ್ಷಕ್ಕೂ ಮೇಲಾಗಿತ್ತು.

ಬ್ಲಾಝಿ ಮಾಡಿದ ಜಾಣತನ ಏನು ಅಂದರೆ, ಲಾಗರ್‌ಫೆಲ್ಡ್ ಹತ್ತಿರ ಹೋಗಲೇ ಇಲ್ಲ. ನೇರವಾಗಿ ಈ ಮನೆ ಕಟ್ಟಿದ ಕೊಕೊ ಶನೆಲ್ ಹತ್ತಿರ ಹೋದರು. ಆಕೆ ತನ್ನ ಗೆಳೆಯ ಬಾಯ್ ಕ್ಯಾಪೆಲ್‌ನ ಬಟ್ಟೆಗಳನ್ನು ಎತ್ತಿ ಹಾಕಿಕೊಳ್ಳುತ್ತಿದ್ದಳು. ಆತನ ಅಂಗಿಗಳು ಶಾರ್ವೇ ಅಂಗಡಿಯವು, 1838ರಿಂದ ಪ್ಯಾರಿಸ್‌ನಲ್ಲಿ ಅಂಗಿ ಹೊಲಿಯುತ್ತಿರುವ ಅಂಗಡಿ. ಬ್ಲಾಝಿ ಅದೇ ಶಾರ್ವೇ ಜೊತೆ ಸೇರಿ ಅಂಗಿ ಮಾಡಿಸಿದರು. ಗಂಡಸರ ಅಂಗಿಯ ಹಾಗೇ ದೊಗಲೆ. ಒಳಅಂಚಿನಲ್ಲಿ ಮಾತ್ರ ಒಂದು ತೆಳು ಸರಪಳಿ.

ಈ ಸರಪಳಿ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಶನೆಲ್ ಜಾಕೆಟ್ಟುಗಳ ಅಂಚಿನಲ್ಲಿ ಮೊದಲಿಂದಲೂ ಇಂಥ ಸರಪಳಿ ಇದೆ. ಒಳಗಡೆ ಇರುತ್ತೆ, ಯಾರಿಗೂ ಕಾಣಲ್ಲ. ಕೆಲಸ ಒಂದೇ. ಬಟ್ಟೆಗೆ ತೂಕ ಕೊಟ್ಟು ನೆಟ್ಟಗೆ ಇಳಿಯುವಂತೆ ಮಾಡೋದು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಮ್ಮ. ಅಮ್ಮ ಅಕ್ಕಪಕ್ಕದವರ ಸೀರೆಗಳಿಗೆ ಫಾಲ್ ಹೊಲಿದು ಕೊಡುತ್ತಿದ್ದಳು. ಮಧ್ಯಾಹ್ನ ಎಲ್ಲ ಜಗಲಿಯಲ್ಲಿ ಕೂತು, ಹೊಲಿಗೆ ಮುಂದೆ ಕಾಣದ ಹಾಗೆ ಒಂದೊಂದೇ ಎಳೆ ಎತ್ತಿ ಹೆಮ್ಮಿಂಗ್. ಫಾಲ್ ಇದ್ದರೆ ನೆರಿಗೆ ನಿಲ್ಲುತ್ತೆ, ಸೀರೆ ಅಂಚು ಹಾರಲ್ಲ, ಅಡಿ ಸವೆಯಲ್ಲ. ಕೊಕೊ ಶನೆಲ್ ಮತ್ತು ನಮ್ಮಮ್ಮ ಒಂದೇ ತೊಂದರೆಗೆ ಒಂದೇ ಪರಿಹಾರ ಕಂಡುಕೊಂಡಿದ್ದರು. ಒಬ್ಬರದ್ದು ಹಿತ್ತಾಳೆ ಬಣ್ಣದ ಸರಪಳಿ, ಇನ್ನೊಬ್ಬರದ್ದು ಕಾಟನ್ ಪಟ್ಟಿ, ಅಷ್ಟೇ.

ಉಳಿದಿದ್ದೂ ಹೀಗೇ ಇತ್ತು. ಟ್ವೀಡ್ ಅಂಚುಗಳನ್ನು ಎಳೆ ಬಿಟ್ಟುಕೊಂಡ ಹಾಗೇ ಉಳಿಸಿದ್ದರು. 1955ರಲ್ಲಿ ಬಂದ '2.55' ಕೈಚೀಲವನ್ನು ಅಜ್ಜಿಯ ಟ್ರಂಕಿನಿಂದ ತೆಗೆದ ಹಾಗೆ ಮುದುರಿಸಿ, ಮುಚ್ಚಳ ತೆರೆದೇ ಬಿಟ್ಟಿದ್ದರು. ಗರಿಗಳ ಭಾರೀ ಲಂಗದ ಮೇಲೆ ಸಾದಾ ಅಂಗಿ, ತೋಳು ಮಡಚಿ. ಕೊನೆಗೆ ಬಂದ ಮಾಡೆಲ್ ಅವಾರ್ ಒಧಿಯಾಂಗ್ ರೇಷ್ಮೆಯ ಟೀ ಶರ್ಟು, ಬಣ್ಣಬಣ್ಣದ ಉಬ್ಬು ಲಂಗ ಹಾಕಿಕೊಂಡು ನಗುತ್ತಾ, ಗಿರಗಿರ ತಿರುಗುತ್ತಾ, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ನನ್ನ ಪರೀಕ್ಷೆಯನ್ನು ಇಷ್ಟು ಜೋರಾಗಿ ಪಾಸು ಮಾಡಿದವರು ಬೇರೆ ಯಾರೂ ಇಲ್ಲ.

ಹಾಗಾಗಿ ಇವೆರಡರಲ್ಲಿ ನನ್ನ ಓಟು ಶನೆಲ್‌ಗೆ. ಅನುಮಾನವೇ ಇಲ್ಲ. ಮೂವತ್ತು ದಾಟಿದ, ದಿನಾ ಕೆಲಸಕ್ಕೆ ಹೋಗುವ, ಬೀರುವಿನಲ್ಲಿ ಗಂಡನದ್ದೋ ಅಣ್ಣನದ್ದೋ ಹಳೇ ಬಿಳಿ ಅಂಗಿ ಇರುವ ಯಾರಿಗಾದರೂ ಇದು ಹೊಂದುತ್ತೆ. ಇದೇ ಬ್ಲಾಝಿ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬಳಕೆ ನಿಂತ ಮೆಟ್ರೋ ಪ್ಲಾಟ್‌ಫಾರ್ಮ್ ಒಂದರಲ್ಲಿ ಇನ್ನೊಂದು ಶೋ ಮಾಡಿದರು. ಅದರಲ್ಲಿ ಮೊದಲು ಹೆಜ್ಜೆ ಹಾಕಿದವಳು ಹೈದರಾಬಾದ್ ಹುಡುಗಿ ಭವಿತಾ ಮಾಂಡವ, ಸ್ವೆಟರ್, ಜೀನ್ಸ್ ಹಾಕಿಕೊಂಡು. ಇದೇನು ಶನೆಲ್ಲಾ, ಕಾಲೇಜಿಗೆ ಹೊರಟ ಹಾಗಿದೆ ಅಂತ ಯಾರಾದರೂ ಮೂಗು ಮುರಿಯಬಹುದು. ನನಗೆ ಅದೇ ಇಷ್ಟ ಆಯಿತು.

ಪ್ರಾಡಾ ಅಥವಾ ಮಿಯು ಮಿಯು

ಈ ಎರಡನ್ನೂ ಹೋಲಿಸೋದು ಒಂದು ತಮಾಷೆ, ಏಕೆಂದರೆ ಎರಡೂ ಒಬ್ಬಳದ್ದೇ. ಮಿಯುಚ್ಚಾ ಪ್ರಾಡಾ. ಪ್ರಾಡಾದಲ್ಲಿ 2020ರಿಂದ ರಾಫ್ ಸಿಮೊನ್ಸ್ ಜೊತೆಗಾರರು. ಮಿಯು ಮಿಯು 1993ರಲ್ಲಿ ಶುರುವಾಗಿದ್ದು, ಆಕೆಯ ಮುದ್ದಿನ ಹೆಸರಿನಲ್ಲೇ. ಎರಡು ವಾರದ ಒಳಗೆ, ಒಂದು ಮಿಲಾನ್‌ನಲ್ಲಿ, ಇನ್ನೊಂದು ಪ್ಯಾರಿಸ್‌ನಲ್ಲಿ. ಎರಡರಲ್ಲೂ ಒಂದೇ ಪ್ರಶ್ನೆ: ಕೆಲಸದ ಬಟ್ಟೆ ಅಂದರೆ ಏನು?

ಪ್ರಾಡಾದಲ್ಲಿ ಉತ್ತರ ಯೂನಿಫಾರ್ಮ್. ಗ್ಯಾರೇಜಿನವರು ಹಾಕುವಂಥ ಜೇಬಿನ ಅಂಗಿ, ಅದೇ ಬಟ್ಟೆಯ ಪ್ಯಾಂಟು, ಅದರ ಜೊತೆ ಮೊಣಕೈ ದಾಟುವ ಉದ್ದನೆಯ ಗ್ಲೌಸು. ಹೆಗಲಿನಿಂದ ಪಟ್ಟಿ ಹಾಕಿ ನೇತುಬಿಟ್ಟ ಲಂಗಗಳು, ನಮ್ಮ ಪ್ರೈಮರಿ ಶಾಲೆಯ ಪಿನಫೋರ್ ಹಾಗೆ, ಆದರೆ ಸೊಂಟದಲ್ಲಿ ಎಲ್ಲೂ ಹಿಡಿಯದ ಹಾಗೆ. ಒಂದೇ ಲಂಗದಲ್ಲಿ ಮೂರು ನಾಲ್ಕು ಬಗೆಯ ಬಟ್ಟೆ ಜೋಡಿಸಿದ್ದೂ ಇತ್ತು, ಚಿಂದಿಯ ಕೌದಿಯನ್ನು ಯಾರೋ ನೀಟಾಗಿ ಹೊಲಿದ ಹಾಗೆ. ಆಕಾರವೇ ಇಲ್ಲದ ತೆಳು ಬ್ರಾ ಮಾತ್ರ ನನಗೆ ಅರ್ಥ ಆಗಲಿಲ್ಲ. ಎತ್ತಿ ಹಿಡಿಯಲ್ಲ, ಮುಚ್ಚಲ್ಲ. ಮತ್ತೆ ಯಾಕೆ?

ಆ ಒಂದನ್ನು ಬಿಟ್ಟರೆ ಆಫೀಸಿಗೆ ಇದಕ್ಕಿಂತ ಒಳ್ಳೆ ಮಾದರಿ ಸಿಗಲ್ಲ. ದಪ್ಪ ಕಾಟನ್ ತೆಗೆದುಕೊಂಡು ಅಂಗಿ, ಪ್ಯಾಂಟು ಎರಡನ್ನೂ ಒಂದೇ ಥಾನಿನಲ್ಲಿ ಹೊಲಿಸಿ. ಎದೆ ಮೇಲೆ ಎರಡು ಜೇಬು. ಟೈಲರ್ ಹತ್ತಿರ "ಪೊಲೀಸರ ಅಂಗಿ ಜೇಬು, ಸ್ವಲ್ಪ ಚಿಕ್ಕದು" ಅಂದರೆ ಸಾಕು, ಫೋಟೋನೂ ಬೇಡ. ಹೆಗಲು ಮಾತ್ರ ನಿಮ್ಮ ಅಳತೆಗೆ ಸರಿಯಾಗಿ ಇರಲಿ. ಅದು ಇಳಿದರೆ ಅಪ್ಪನ ಅಂಗಿ ಹಾಕಿಕೊಂಡ ಹಾಗೆ ಕಾಣುತ್ತೆ, ಮತ್ತೆ ಅದು ಶನೆಲ್ ಕಥೆ.

ಮಿಯು ಮಿಯು ಉತ್ತರ ಇದಕ್ಕಿಂತ ತೀಕ್ಷ್ಣ. ಏಪ್ರನ್. ಶುರುವಿನಿಂದ ಕೊನೆವರೆಗೂ ಏಪ್ರನ್. ಕಾರ್ಖಾನೆಯ ಒರಟು ಚರ್ಮದ್ದು, ಅಡುಗೆಮನೆಯ ಹೂವಿನ ಕಾಟನ್ನಿನದು, ಕ್ರೋಶಾದ್ದು, ಕಲ್ಲು ಮಣಿ ಜಡಿದದ್ದು. ಜರ್ಮನಿಯ ನಟಿ ಸಾಂಡ್ರಾ ಹ್ಯುಲರ್ ಮೊದಲು ಬಂದಿದ್ದು, ಕೈ ಜೇಬಿನಲ್ಲಿ, ಪಾಳಿಗೆ ಹೊರಟವಳ ಹಾಗೆ. ಕೂರಲು ಹಾಕಿದ್ದು ಕ್ಯಾಂಟೀನಿನ ಫಾರ್ಮೈಕಾ ಮೇಜುಗಳಂಥವು. ದುಡಿಯುವ ಹೆಂಗಸರ ಫೋಟೋ ತೆಗೆದ ಅಮೆರಿಕದ ಡೊರೊಥಿಯಾ ಲ್ಯಾಂಗ್, ಪೂರ್ವ ಜರ್ಮನಿಯ ಹೆಲ್ಗಾ ಪಾರಿಸ್ ಅವರ ಚಿತ್ರಗಳು ಇದರ ಹಿಂದೆ ಇದ್ದವು.

ನೋಡುತ್ತಾ ನನಗೆ ಎರಡು ಭಾವನೆ ಒಟ್ಟಿಗೆ ಬಂದವು. ಮೊದಲನೆಯದು, ಕೊನೆಗೂ ಒಬ್ಬಳಿಗೆ ಹೊಳೆಯಿತಲ್ಲ ಅಂತ. ಫ್ಯಾಷನ್ ಲೋಕ ಸೈನಿಕನ ಕೋಟು, ನಾವಿಕನ ಪ್ಯಾಂಟು, ಗಣಿ ಕೆಲಸಗಾರನ ಜೀನ್ಸು, ಎಲ್ಲವನ್ನೂ ರ‍್ಯಾಂಪ್ ಹತ್ತಿಸಿದೆ. ಮನೆಕೆಲಸದ ಬಟ್ಟೆಗೆ ಅಲ್ಲಿ ಜಾಗ ಸಿಕ್ಕಿದ್ದು ಬಹಳ ಕಮ್ಮಿ. ನಮ್ಮಲ್ಲೂ ಅಷ್ಟೇ ಅಲ್ವಾ? ಸೊಂಟಕ್ಕೆ ಸಿಕ್ಕಿಸಿದ ಸೆರಗು, ನೈಟಿ ಮೇಲೊಂದು ಟವೆಲ್ಲು. ಬೆಲ್ ಆದರೆ ಬಾಗಿಲು ತೆಗೆಯುವ ಮುಂಚೆ ಅದನ್ನು ಸರಿಮಾಡಿಕೊಳ್ಳುತ್ತೇವೆ, ಯಾರೋ ನೋಡಬಾರದ್ದನ್ನು ನೋಡಿಬಿಟ್ಟ ಹಾಗೆ. ಎರಡನೆಯದು ಸಿಟ್ಟು. ಪಾತ್ರೆ ತೊಳೆಯುವವಳ ಏಪ್ರನ್ನಿಗೆ ಕಲ್ಲು ಜಡಿದು, ಪಾತ್ರೆ ಮುಟ್ಟದವಳಿಗೆ ಲಕ್ಷಗಟ್ಟಲೆಗೆ ಮಾರೋದು ಯಾವ ನ್ಯಾಯ? ಈ ಎರಡು ಇನ್ನೂ ನನ್ನೊಳಗೆ ಜಗಳ ಆಡುತ್ತಲೇ ಇವೆ. ಒಂದು ಕಲೆಕ್ಷನ್ ಇಷ್ಟು ದಿನ ತಲೆ ತಿಂದರೆ ಅದು ಒಳ್ಳೆಯದೇ ಇರಬೇಕು.

ಆರಿಸುವ ಮಾತು ಅಂದರೆ, ಹಾಕಿಕೊಳ್ಳಲು ಪ್ರಾಡಾ, ನೋಡಲು ಮಿಯು ಮಿಯು. ಆದರೂ ಮಿಯು ಮಿಯುನಿಂದ ಒಂದು ಉಪಾಯ ಕದಿಯಬಹುದು. ಸಾದಾ ಕುರ್ತಾ ಮೇಲೆ ಹೂವಿನ ಕಾಟನ್ನಿನ ಏಪ್ರನ್, ಪಕ್ಕದಲ್ಲಿ ಕಟ್ಟುವ ದಾರ, ಎರಡು ದೊಡ್ಡ ಜೇಬು. ಎರಡು ಮೀಟರ್ ಬಟ್ಟೆ ಸಾಕು. ಫೋನು, ಕೀಲಿ, ಕರ್ಚೀಫು ಎಲ್ಲ ಹಿಡಿಯುತ್ತೆ.

ಪ್ರಾಡಾ ಹೆಸರು ಬಂದ ಮೇಲೆ ಚಪ್ಪಲಿ ವಿಷಯ ಬಿಡುವ ಹಾಗಿಲ್ಲ. ಅದು ಗಂಡಸರ ಶೋ, 2025ರ ಜೂನ್, ಮಿಲಾನ್. ಮಾಡೆಲ್‌ಗಳ ಕಾಲಲ್ಲಿ ಪಕ್ಕಾ ಕೊಲ್ಹಾಪುರಿ, ವಿವರಣೆಯಲ್ಲಿ ಬರೀ 'ಚರ್ಮದ ಸ್ಯಾಂಡಲ್'. ಗಲಾಟೆ ಆದಮೇಲೆ ಪ್ರಾಡಾ ಮೂಲ ಎಲ್ಲಿಯದು ಅಂತ ಒಪ್ಪಿಕೊಂಡಿತು. ಹೆಸರು ಕೊಲ್ಹಾಪುರಿ ಆದರೂ 2019ರಲ್ಲಿ ಸಿಕ್ಕ ಜಿಐ ಗುರುತು, ಅಂದರೆ ಇಂಥ ಊರಿನದೇ ವಸ್ತು ಅನ್ನುವ ಸರ್ಕಾರಿ ಮುದ್ರೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. ಅಥಣಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಎರಡರ ಜೊತೆಗೂ ಪ್ರಾಡಾ ಒಪ್ಪಂದ ಮಾಡಿಕೊಂಡಿತು. 2,000 ಜೊತೆ ಚಪ್ಪಲಿ, ಒಂದೊಂದು ಜೊತೆಯ ಬೆಲೆ ಸುಮಾರು 800 ಯೂರೋ ಅಂತ ಮಾತಾಯಿತು. ಪ್ರಾಡಾ ಅಂಗಿ ಮಾದರಿಯಲ್ಲಿ ಹೊಲಿಸಿಕೊಂಡರೆ ಕಾಲಿಗೆ ಅಥಣಿಯದ್ದೇ ಇರಲಿ ಅನ್ನೋದು ನನ್ನ ಸಲಹೆ. ಚೌಕಾಸಿ ಮಾಡಬೇಡಿ.

ಸದ್ದಿಲ್ಲದವರು: ಅರ್ಮಾನಿ, ಬೊಟ್ಟೆಗಾ ವೆನೆಟಾ

ಮಿಲಾನ್‌ನ ಡಿಸೈನರ್ ಜೋರ್ಜೊ ಅರ್ಮಾನಿ 2025ರ ಸೆಪ್ಟೆಂಬರ್ 4ರಂದು ತೀರಿಕೊಂಡರು. 91 ವರ್ಷ. ಕಂಪನಿಗೆ ಅದೇ ವರ್ಷ 50 ತುಂಬಿತ್ತು. ಅವರೇ ಕೂತು ಮಾಡಿದ ಕೊನೆಯ ಕಲೆಕ್ಷನ್ 28ರಂದು ಮಿಲಾನ್‌ನ ಬ್ರೆರಾ ಚಿತ್ರಶಾಲೆಯ ಅಂಗಳದಲ್ಲಿ ನಡೆಯಿತು. ಲೂದೊವಿಕೊ ಐನೌದಿ ಪಿಯಾನೊ ನುಡಿಸಿದರು. ಬಟ್ಟೆಗಳ ಬಣ್ಣ ಮಿಲಾನ್‌ನ ಬೂದಿ, ಕಲ್ಲು ಬಣ್ಣದಿಂದ ಶುರುವಾಗಿ ಪಾಂತೆಲ್ಲೆರಿಯಾ ದ್ವೀಪದ ಸಮುದ್ರದ ನೀಲಿಗೆ ಇಳಿಯುತ್ತಿತ್ತು. ಆ ದ್ವೀಪದಲ್ಲಿ ಅವರದ್ದೊಂದು ಮನೆ ಇತ್ತು.

ಅರ್ಮಾನಿ ಮಾಡಿದ ದೊಡ್ಡ ಕೆಲಸವನ್ನು ಟೈಲರ್ ಭಾಷೆಯಲ್ಲಿ ಒಂದೇ ಮಾತಲ್ಲಿ ಹೇಳಬಹುದು. ಕೋಟಿನೊಳಗಿನ ಕ್ಯಾನ್ವಾಸು, ಪ್ಯಾಡು ಕಿತ್ತುಹಾಕಿದರು. ಅಲ್ಲಿವರೆಗೆ ಕೋಟು ಮೈಗೆ ಆಕಾರ ಕೊಡುತ್ತಿತ್ತು. ಆಮೇಲೆ ಮೈ ಕೋಟಿಗೆ ಆಕಾರ ಕೊಡಲು ಶುರುವಾಯಿತು. ಈ ಕಲೆಕ್ಷನ್ನಿನಲ್ಲೂ ಅದೇ. ಅಂಗಿಯಷ್ಟು ಹಗುರ ಜಾಕೆಟ್ಟು, ಸಲ್ವಾರಿನ ಹಾಗೆ ಕಾಲ ಬಳಿ ಕೂಡುವ ಸಡಿಲ ಪ್ಯಾಂಟು. ಹೊಸದು ಅನ್ನುವಂಥದ್ದು ಏನೂ ಇಲ್ಲ. ಐವತ್ತು ವರ್ಷ ಒಂದೇ ಸಾರು ಮಾಡಿದ ಕೈ, ಉಪ್ಪು ಅಳೆಯಬೇಕಾಗಿಲ್ಲ. ಐವತ್ತು ದಾಟಿದವರಿಗೆ, ಏಪ್ರಿಲ್‌ನ ಕಲಬುರಗಿ ಸೆಕೆಯಲ್ಲಿ ಬದುಕುವವರಿಗೆ, ಮೈಗೆ ಅಂಟುವ ಬಟ್ಟೆ ಕಂಡರಾಗದವರಿಗೆ ನನ್ನ ಮೊದಲ ಸಲಹೆ ಇದೇ. ತೆಳು ಲಿನನ್ನಿನಲ್ಲಿ ಲೈನಿಂಗ್ ಇಲ್ಲದ ಜಾಕೆಟ್ ಹೊಲಿಸಿ. ಒಳಗಿನ ಹೊಲಿಗೆಗಳಿಗೆ ಪೈಪಿಂಗ್ ಹಾಕಿಸಲು ಮರೆಯಬೇಡಿ. ಲೈನಿಂಗ್ ಇಲ್ಲದಾಗ ಎಳೆ ಬಿಡುವುದೆಲ್ಲ ಕಾಣುತ್ತೆ.

ಬೊಟ್ಟೆಗಾ ವೆನೆಟಾಕ್ಕೆ ಬಂದವರು ಇಂಗ್ಲೆಂಡಿನ ಲೂಯಿಸ್ ಟ್ರಾಟರ್. ಬ್ಲಾಝಿ ಖಾಲಿ ಮಾಡಿದ ಕುರ್ಚಿ. ಈ ಸೀಸನ್ನಿನ ಹೊಸಬರ ಗುಂಪಿನಲ್ಲಿ ಹೆಂಗಸರು ಎಷ್ಟು ಕಮ್ಮಿ ಅಂದರೆ, ಇವರ ಶೋ ನೋಡುವಾಗ ಮನಸ್ಸು ಸುಮ್ನೆ ಇವರ ಪರ ವಾಲುತ್ತೆ. ಆ ಮನೆಯ ಗುರುತು ಚರ್ಮದ ಪಟ್ಟಿಗಳನ್ನು ಚಾಪೆಯ ಹಾಗೆ ಹೆಣೆಯುವುದು. ಮೃದು ಚರ್ಮ ತೆಳ್ಳಗಿರುತ್ತೆ, ಹೆಣೆದರೆ ಗಟ್ಟಿಯಾಗುತ್ತೆ. ಮೊರ ಹೆಣೆಯುವವರಿಗೆ ಗೊತ್ತಿರುವ ಲೆಕ್ಕವೇ. 1975ರ ಹೊತ್ತಿಗೆ ಶುರುವಾದ ಈ ಹೆಣಿಗೆಗೂ ಐವತ್ತು ವರ್ಷ. ಟ್ರಾಟರ್ ಅದನ್ನು ಕೋಟಿಗೂ ತಂದರು. ಅದರ ಪಕ್ಕದಲ್ಲೇ ಮರುಬಳಕೆಯ ಗಾಜಿನ ನಾರಿನಿಂದ ಮಾಡಿದ ಸ್ವೆಟರು, ಲಂಗಗಳು. ನಡೆದಾಗ ರಾಗಿ ಪೈರಿಗೆ ಗಾಳಿ ಬೀಸಿದ ಹಾಗೆ ತೂಗುತ್ತಿದ್ದವು. ಇದನ್ನು ಫೋಟೋದಲ್ಲಿ ನೋಡಬೇಡಿ, ವಿಡಿಯೊದಲ್ಲೇ ನೋಡಿ. ಹಾಕಿಕೊಳ್ಳುವ ಯೋಚನೆ ಬಿಡಿ. ಟೈಲರ್‌ಗೆ ತೋರಿಸಲೂ ಬೇಡಿ, ಸುಮ್ನೆ ಜಗಳ.

ಪಾರ್ಟಿಗೆ, ಮತ್ತು ಬಿಟ್ಟರೂ ಆಗುವವು

ರಿಸೆಪ್ಷನ್ನಿಗೆ ಗೌನ್ ಬೇಕು ಅನ್ನುವವರು ಎರಡು ನೋಡಿ. ಬಾಲೆನ್ಸಿಯಾಗಾದಲ್ಲಿ ಪಿಯೆರ್‌ಪಾವ್ಲೊ ಪಿಚ್ಚೋಲಿ 1957ರ 'ಚೀಲದ ಉಡುಪ'ನ್ನು ಮತ್ತೆ ತಂದಿದ್ದಾರೆ. ಸೊಂಟ ಹಿಡಿಯಲ್ಲ, ಮೈಗೂ ಬಟ್ಟೆಗೂ ನಡುವೆ ಗಾಳಿ ಆಡುತ್ತೆ. ಹೋಳಿಗೆ ಊಟ ಆದಮೇಲೂ ಆರಾಮ. ಸಾಂ ಲೋರಾಂನಲ್ಲಿ ಆಂಥೊನಿ ವಕ್ಕರೆಲ್ಲೊ ನೆರಿಗೆ ನೆರಿಗೆಯ ರಾಣಿ ಗೌನುಗಳನ್ನು ನೈಲಾನ್‌ನಲ್ಲಿ ಹೊಲಿಸಿದರು, ಮಳೆ ಜಾಕೆಟ್ಟಿನ ಬಟ್ಟೆ. ಉಬ್ಬಿ ನಿಲ್ಲುತ್ತೆ, ತೂಕ ಇಲ್ಲ. ಊರಿಂದೂರಿಗೆ ಮದುವೆಗೆ ಹೋಗುವವರು ಯೋಚಿಸಬೇಕಾದ ವಿಷಯ. ಸೆಕೆಯಲ್ಲಿ ಮಾತ್ರ ಬೇಡ, ಒಳಗೆ ಇಡ್ಲಿ ಬೆಂದ ಹಾಗಾಗುತ್ತೆ.

ಬಣ್ಣದ ಹಸಿವಿದ್ದರೆ ಲೊಎವೆ. ಆಂಡರ್ಸನ್ ಬಿಟ್ಟ ಮನೆಗೆ ನ್ಯೂಯಾರ್ಕಿನ ಜೋಡಿ ಜ್ಯಾಕ್ ಮೆಕಲೊ, ಲಾಜರೊ ಹರ್ನಾಂಡೆಜ್ ಬಂದಿದ್ದಾರೆ. ಕೆಂಪು, ಹಳದಿ, ನೀಲಿ, ಮಕ್ಕಳ ಬಳಪದ ಡಬ್ಬಿಯ ಹಾಗೆ. ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಬಂದ ಹಾಗಿರುವ ಉಡುಪೂ ಇದೆ. ಅದು ಮನೆಯಲ್ಲೇ ಇರಲಿ.

ವರ್ಸಾಚೆಯಲ್ಲಿ ದಾರಿಯೊ ವಿಟಾಲೆ ಮಾಡಿದ್ದು ನನಗೆ ಇಷ್ಟ ಆಯಿತು. ಎಂಬತ್ತರ ದಶಕದ ಬಣ್ಣಗಳು, ಎತ್ತರದ ಸೊಂಟದ ಜೀನ್ಸು, ಸ್ವಲ್ಪ ಪೋಲಿತನ. ಅದು ಅಲ್ಲಿ ಅವರ ಮೊದಲ ಶೋ, ಅದೇ ಕೊನೆಯದು. ಡಿಸೆಂಬರ್‌ನಲ್ಲಿ ಪ್ರಾಡಾ ಗುಂಪು ವರ್ಸಾಚೆಯನ್ನು ಕೊಂಡುಕೊಂಡಿತು. ಕೆಲವೇ ದಿನದಲ್ಲಿ ವಿಟಾಲೆ ಹೊರಟರು. ಸೊಸೆ ಡಬ್ಬ ಜೋಡಿಸುವ ಹೊತ್ತಿಗೆ ಮನೆಯೇ ಮಾರಾಟ ಆದ ಹಾಗೆ.

ಮಾರ್ಜೆಲಾ ಶೋ ನೋಡಬೇಡಿ ಅಂತ ಹೇಳಲ್ಲ. ಆದರೆ ಮಾಡೆಲ್‌ಗಳ ಬಾಯಿ ಅಗಲಿಸಿ ಲೋಹದ ಪಟ್ಟಿ ಇಟ್ಟಿದ್ದಾರೆ. ದಂತ ವೈದ್ಯರ ಕುರ್ಚಿ ನೆನಪಾಗಿ ನಾನು ಅರ್ಧಕ್ಕೇ ನಿಲ್ಲಿಸಿದೆ. ಗೋತಿಯೆ ಶೋನಲ್ಲಿ ಗಂಡಸಿನ ಬೆತ್ತಲೆ ಮೈ, ಕೂದಲು ಸಮೇತ, ಮುದ್ರಿಸಿದ ಬಿಗಿ ಉಡುಪುಗಳು. ಅದರ ಬಗ್ಗೆ ಇಷ್ಟು ಸಾಕು.

ಟೈಲರ್ ಹತ್ತಿರ ಹೋಗುವ ಮುಂಚೆ

ಶೋಗಳ ಪೂರ್ತಿ ವಿಡಿಯೊ ಆಯಾ ಕಂಪನಿಗಳ ಯೂಟ್ಯೂಬ್ ಪುಟದಲ್ಲೇ ಸಿಗುತ್ತವೆ, ಬಹಳಷ್ಟು ಹದಿನೈದು ಇಪ್ಪತ್ತು ನಿಮಿಷ. ಸಮಯ ಇಲ್ಲದಿದ್ದರೆ ಶನೆಲ್ ಒಂದು, ಮಿಯು ಮಿಯು ಒಂದು. ಬಟ್ಟೆಯನ್ನು ಕಣ್ಣಾರೆ ನೋಡಬೇಕು ಅಂದರೆ ಮುಂಬೈಗೆ ಹೋದಾಗ ಜಿಯೋ ವರ್ಲ್ಡ್ ಪ್ಲಾಜಾ ಹೊಕ್ಕು ಬನ್ನಿ, ಡಿಯೋರ್, ಬಾಲೆನ್ಸಿಯಾಗಾ ಅಂಗಡಿಗಳಿವೆ. ಅಂಚು ಮಡಚಿ ಒಳಗಿನ ಹೊಲಿಗೆ ನೋಡಿ. ಬೆಲೆ ಚೀಟಿ ನೋಡಬೇಡಿ.

ಫೋಟೋ ತೋರಿಸುವಾಗ ಮುಂದಿನದ್ದು ಮಾತ್ರ ತೋರಿಸಿದರೆ ಟೈಲರ್ ಹಿಂದಿನದ್ದನ್ನು ತನ್ನ ಇಷ್ಟದಂತೆ ಹೊಲಿಯುತ್ತಾನೆ. ವಿಡಿಯೊ ನಿಲ್ಲಿಸಿ ಹಿಂಬದಿಯ ಫೋಟೋನೂ ತೆಗೆದುಕೊಳ್ಳಿ. "ಹೀಗೇ ಬೇಕು" ಅನ್ನಬೇಡಿ. "ಈ ತೋಳು, ಈ ಉದ್ದ" ಅಂತ ಬಿಡಿಸಿ ಹೇಳಿ. ಹೊಸ ಕಟ್ಟಿಗೆ ಮೊದಲು ಸಾದಾ ಕಾಟನ್ನಿನಲ್ಲಿ ಒಂದು ಹೊಲಿಸಿ ನೋಡಿ, ಆಮೇಲೆ ಒಳ್ಳೆ ಬಟ್ಟೆ ಕತ್ತರಿಸಲು ಕೊಡಿ.

ನಾನು ಹೊಲಿಸಿಕೊಂಡಿದ್ದು ಶನೆಲ್ ಅಂಗಿ. ಬಿಳಿ ಪಾಪ್ಲಿನ್, ಗಂಡಸರ ಅಳತೆ, ಉದ್ದದ ತೋಳು. ಕೆಳಗಿನ ಅಂಚಿಗೆ ಒಳಗಿನಿಂದ ಸರಪಳಿ ಹಾಕಿ ಅಂದೆ. ಟೈಲರ್ ಫೋಟೋ ನೋಡಿದರು, ನನ್ನ ಮುಖ ನೋಡಿದರು. "ಸರ ಯಾಕೆ ಮೇಡಂ, ಒಗೆದಾಗ ತುಕ್ಕು ಬಿಡುತ್ತೆ. ಫಾಲ್ ತಂದುಕೊಡಿ, ಹಾಕಿಕೊಡ್ತೀನಿ." ಮ್ಯಾಚಿಂಗ್ ಸೆಂಟರಿನಿಂದ ಬಿಳಿ ಫಾಲ್ ತಂದೆ. ಅವರು ಅದನ್ನು ಎರಡಾಗಿ ಮಡಚಿ, ಹೊಲಿಗೆ ಹೊರಗೆ ಕಾಣದ ಹಾಗೆ ಹೆಮ್ಮಿಂಗ್ ಮಾಡಿಕೊಟ್ಟರು. ಟ್ರಯಲ್‌ನಲ್ಲಿ ಕೈ ಎತ್ತಿದೆ, ಇಳಿಸಿದೆ, ಅಂಗಿ ತಾನಾಗಿ ಜಾಗಕ್ಕೆ ಬಂದು ನಿಂತಿತು. ಮೊದಲ ಒಗೆತಕ್ಕೆ ಮಾತ್ರ ಫಾಲ್ ಕುಗ್ಗಿ ಅಂಚೆಲ್ಲ ಸುರುಟಿಕೊಂಡಿತು. ಹೊಸ ಫಾಲನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೇ ಹೊಲಿಯಬೇಕು. ಅಮ್ಮ ಎಷ್ಟು ಸಲ ಹೇಳಿದ್ದಳೋ.